ತಾವು ಕಾಣದ ವಿದ್ಯಾಲಯಕ್ಕೆ ಬೀಜ ಬಿತ್ತಿದ ವೈದ್ಯ ಭಗಿನಿ ಮೇರಿ ಗ್ಲೌರಿ

ಮಂಗಳೂರು, ಉಡುಪಿ, ಕುಂದಾಪುರಗಳಿಂದ ರಾತ್ರಿ ಹೊರಟ ಬಸ್ಸುಗಳು ಬೆಳಗಿನ ಜಾವ ನೆಲಮಂಗಲ ದಾಟಿ ಪೀಣ್ಯದ ಬಳಿ ಬರುವಾಗ ನಮ್ಮ ಕರಾವಳಿಯ ಎಷ್ಟೋ ಯುವಕ ಯುವತಿಯರು ನಿದ್ದೆಗಣ್ಣಿನಲ್ಲೇ ಇಳಿಯಲು ಸಿದ್ಧರಾಗುತ್ತಾರೆ. ಕೆಲವರು ಪೀಣ್ಯದ ಕಾರ್ಖಾನೆಗಳಿಗೆ, ಕೆಲವರು ವೈಟ್‌ಫೀಲ್ಡಿನ ಕಚೇರಿಗಳಿಗೆ, ಇನ್ನು ಕೆಲವರು ಹೊಸೂರು ರಸ್ತೆ ಹಿಡಿದು ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು. ಹೊಸೂರು ರಸ್ತೆಯಲ್ಲಿ ಹೋಗುವವರಿಗೆ, ಸಿಲ್ಕ್ ಬೋರ್ಡ್ ತಲುಪುವ ಮೊದಲೇ, ರಸ್ತೆಯ ಬದಿಯಲ್ಲಿ ಒಂದು ವಿಶಾಲವಾದ ಆವರಣ ಕಾಣಿಸುತ್ತದೆ. ಅದೇ ಸಂತ ಜಾನ್ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಆಸ್ಪತ್ರೆ. ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳಿಗೆ ಇದು ಪರಿಚಿತ ಹೆಸರು. ಯಾರದೋ ಮಗಳು ಅಲ್ಲಿ ನರ್ಸಿಂಗ್ ಕಲಿತಿದ್ದಾಳೆ, ಯಾರದೋ ತಂದೆಗೆ ಅಲ್ಲಿ ಶಸ್ತ್ರಚಿಕಿತ್ಸೆ ಆಗಿದೆ, ಯಾವುದೋ ಕಾನ್ವೆಂಟಿನ ಸಿಸ್ಟರ್ ಅಲ್ಲಿಯೇ ವೈದ್ಯಪದವಿ ಪಡೆದಿದ್ದಾರೆ.

ಆದರೆ ಭಾರತದ ಕಥೋಲಿಕರಿಗೆ ತಮ್ಮದೇ ಆದ ವೈದ್ಯಕೀಯ ಕಾಲೇಜು ಬೇಕೆಂದು ವರ್ಷಗಟ್ಟಲೆ ಹಂಬಲಿಸಿದ ಒಬ್ಬ ಮಹಿಳೆಯ ಹೆಸರು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಅವರು ಆಸ್ಟ್ರೇಲಿಯದಲ್ಲಿ ಹುಟ್ಟಿ, ಆಂಧ್ರದ ಗುಂಟೂರಿನಲ್ಲಿ ದುಡಿದು, ನಮ್ಮ ಬೆಂಗಳೂರಿನಲ್ಲೇ ಕೊನೆಯುಸಿರೆಳೆದವರು. ಡಾಕ್ಟರ್ ಮೇರಿ ಗ್ಲೌರಿ, ಅಂದರೆ ಜೀಸಸ್ ಮೇರಿ ಜೋಸೆಫ್ ಸಭೆಯ ಸಿಸ್ಟರ್ ಮೇರಿ ಆಫ್ ದ ಸೇಕ್ರೆಡ್ ಹಾರ್ಟ್, ಅವರ ಬದುಕಿನ ಪರಿಚಯ ಮಾಡಿಕೊಳ್ಳುವುದು ಈ ಲೇಖನದ ಉದ್ದೇಶ.

ಜಪಮಾಲೆಯ ಮನೆ

ಮೇರಿ ಗ್ಲೌರಿ ಹುಟ್ಟಿದ್ದು 1887ರ ಜೂನ್ 23ರಂದು, ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದ ಬಿರ್ರೆಗುರ್ರಾ ಎಂಬ ಊರಿನಲ್ಲಿ. ಒಂಬತ್ತು ಮಕ್ಕಳಲ್ಲಿ ಮೂರನೆಯವರು. ಐರಿಷ್ ಮೂಲದ ಈ ಕುಟುಂಬ ಮುಂದೆ ಮ್ಯಾಲೀ ಎಂಬ ಒಣ ಬೇಸಾಯದ ಸೀಮೆಯ ವಾಚೆಮ್ ಎಂಬ ಸಣ್ಣ ಊರಿಗೆ ಬಂದು ನೆಲೆಸಿತು. ನಮ್ಮ ಹಳೆಯ ಕಥೋಲಿಕ ಮನೆಗಳಲ್ಲಿ ಇದ್ದಂತೆಯೇ ಅವರ ಮನೆಯಲ್ಲೂ ಸಂಜೆಯ ಜಪಮಾಲೆ ತಪ್ಪುತ್ತಿರಲಿಲ್ಲ. ಆ ಪ್ರಾರ್ಥನೆಯಲ್ಲಿ ಯಾಜಕರ ಜೊತೆಗೆ ವೈದ್ಯರನ್ನೂ ನೆನೆಯುವ ವಾಡಿಕೆ ಇತ್ತು. ಆತ್ಮವನ್ನು ನೋಡುವವರಿಗೂ ಶರೀರವನ್ನು ನೋಡುವವರಿಗೂ ಒಂದೇ ಉಸಿರಿನಲ್ಲಿ ದೇವರ ನೆರವು ಬೇಡುತ್ತಿದ್ದ ಮನೆ ಅದು.

ಓದಿನಲ್ಲಿ ಮುಂದಿದ್ದ ಮೇರಿ ವಿದ್ಯಾರ್ಥಿವೇತನ ಪಡೆದು ಎಳೆಯ ವಯಸ್ಸಿನಲ್ಲೇ ಮನೆ ಬಿಟ್ಟು ಮೆಲ್ಬರ್ನ್ ನಗರ ಸೇರಿದರು. ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಮೊದಲು ಕಲಾವಿಭಾಗದಲ್ಲಿ ಓದಿ, ನಂತರ ತಂದೆಯ ಪ್ರೋತ್ಸಾಹದಿಂದ ವೈದ್ಯಕೀಯಕ್ಕೆ ಬಂದರು. ಹೆಣ್ಣುಮಕ್ಕಳು ವೈದ್ಯಕೀಯ ಓದುವುದೇ ವಿರಳವಾಗಿದ್ದ ಆ ಕಾಲದಲ್ಲಿ, 1910ರಲ್ಲಿ, ಅವರು ಪದವಿ ಪಡೆದರು. ಇಲ್ಲಿ ಒಂದು ಸಂಗತಿಯನ್ನು ಸ್ಮರಿಸಬಹುದು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರ ಔಷಧಾಲಯ ಆರಂಭಿಸಿದ ಜೆಸ್ವಿತ್ ಧರ್ಮಗುರು ವಂದನೀಯ ಆಗಸ್ಟಸ್ ಮುಲ್ಲರ್ ಅವರು ನಿಧನರಾದದ್ದೂ ಅದೇ 1910ರಲ್ಲಿ. ಒಬ್ಬರು ತಮ್ಮ ಸೇವೆ ಮುಗಿಸಿ ಹೋದ ವರ್ಷ, ಇನ್ನೊಬ್ಬರು ದೂರದ ದೇಶದಲ್ಲಿ ವೈದ್ಯರಾಗಿ ಹೊರಬಂದರು.

ಪದವಿಯ ಬಳಿಕ ಮೇರಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಆಸ್ಪತ್ರೆಯಲ್ಲಿ ತರಬೇತಿ ಪಡೆದರು. ಹಿಂದಿರುಗಿ ಮೆಲ್ಬರ್ನ್‌ನ ಕಣ್ಣು ಮತ್ತು ಕಿವಿ ಆಸ್ಪತ್ರೆಯಲ್ಲಿ ಹಾಗೂ ಸಂತ ವಿನ್ಸೆಂಟ್ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ನಗರದ ಪ್ರತಿಷ್ಠಿತ ಕಾಲಿನ್ಸ್ ಸ್ಟ್ರೀಟಿನಲ್ಲಿ ಅವರ ಸ್ವಂತ ಚಿಕಿತ್ಸಾಲಯವೂ ಇತ್ತು. ಹೆಸರು, ಆದಾಯ, ಗೌರವ ಯಾವುದಕ್ಕೂ ಕೊರತೆ ಇರಲಿಲ್ಲ.

ಒಂದು ಕಿರುಪುಸ್ತಕ ತಿರುಗಿಸಿದ ದಾರಿ

1915ರ ಅಕ್ಟೋಬರ್ ತಿಂಗಳ ಒಂದು ಭಾನುವಾರ ಅವರ ಕೈಗೆ ಒಂದು ಕಿರುಪುಸ್ತಕ ಸಿಕ್ಕಿತು. ಅದು ಸ್ಕಾಟ್ಲೆಂಡಿನ ವೈದ್ಯೆ ಡಾಕ್ಟರ್ ಆಗ್ನೆಸ್ ಮೆಕ್ಲಾರೆನ್ ಅವರ ಜೀವನಕಥೆ. ಅರವತ್ತರ ವಯಸ್ಸಿನ ಆಸುಪಾಸಿನಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿದ ಆಗ್ನೆಸ್, ಆಗ ಅವಿಭಜಿತ ಭಾರತದಲ್ಲಿದ್ದ ರಾವಲ್ಪಿಂಡಿಯಲ್ಲಿ ಮಹಿಳೆಯರಿಗಾಗಿ ಆಸ್ಪತ್ರೆಯೊಂದನ್ನು ತೆರೆಯಲು ಕಾರಣರಾದವರು. ಪರದೆಯ ಪದ್ಧತಿಯಿಂದಾಗಿ ಅಲ್ಲಿನ ಹೆಂಗಸರು ಗಂಡು ವೈದ್ಯರ ಬಳಿ ಹೋಗುತ್ತಿರಲಿಲ್ಲ. ವೈದ್ಯೆಯರಿಲ್ಲದೆ ತಾಯಂದಿರೂ ಶಿಶುಗಳೂ ಸಾಯುತ್ತಿದ್ದರು. 1913ರಲ್ಲಿ ತೀರಿಕೊಂಡ ಆಗ್ನೆಸ್ ಅವರ ಕೆಲಸವನ್ನು ಮುಂದುವರಿಸಲು ವೈದ್ಯೆಯರ ಅಗತ್ಯವಿತ್ತು. ಅದನ್ನು ಓದಿದ ಮೇರಿಗೆ ತಮ್ಮ ಕರೆ ಯಾವುದೆಂದು ಸ್ಪಷ್ಟವಾಯಿತು.

ಆದರೆ ಅವರು ಮರುದಿನವೇ ಹಡಗು ಹತ್ತಲಿಲ್ಲ. ಮೊದಲ ಮಹಾಯುದ್ಧ ನಡೆಯುತ್ತಿತ್ತು. ಕಾಯಬೇಕಾದ ಆ ವರ್ಷಗಳನ್ನು ಅವರು ವ್ಯರ್ಥ ಮಾಡಲಿಲ್ಲ. 1916ರಲ್ಲಿ ಮೆಲ್ಬರ್ನ್‌ನಲ್ಲಿ ಆರಂಭವಾದ ಕಥೋಲಿಕ ಮಹಿಳಾ ಸಮಾಜ ಸಂಘಟನೆಯ ಮೊದಲ ಅಧ್ಯಕ್ಷೆಯಾಗಿ ದುಡಿಯುವ ಹೆಣ್ಣುಮಕ್ಕಳ, ತಾಯಂದಿರ ಮತ್ತು ಮಕ್ಕಳ ಆರೋಗ್ಯದ ಬಗ್ಗೆ ಬರೆದರು, ಮಾತನಾಡಿದರು. ಜೊತೆಗೆ ಭಾರತದಲ್ಲಿ ಯಾವ ಜ್ಞಾನ ಬೇಕಾದೀತೆಂದು ಯೋಚಿಸಿ ಹೆರಿಗೆ ಶಾಸ್ತ್ರ, ಸ್ತ್ರೀರೋಗ ಮತ್ತು ಕಣ್ಣಿನ ಚಿಕಿತ್ಸೆಯಲ್ಲಿ ಉನ್ನತ ವ್ಯಾಸಂಗ ಮಾಡಿ 1919ರ ಕೊನೆಯಲ್ಲಿ ಎಂ.ಡಿ. ಪದವಿ ಪಡೆದರು. 1920ರ ಜನವರಿಯಲ್ಲಿ, 32ರ ವಯಸ್ಸಿನಲ್ಲಿ, ಭಾರತಕ್ಕೆ ಹೊರಟರು. ಮತ್ತೆ ಎಂದೂ ತಾಯ್ನಾಡಿಗೆ ಹಿಂದಿರುಗಲಿಲ್ಲ.

ಧರ್ಮಸಭೆಯ ನಿಯಮದ ಅಡ್ಡಿ

1920ರ ಫೆಬ್ರವರಿ 12ರಂದು ಮೇರಿ ಗುಂಟೂರು ತಲುಪಿದರು. ಅಲ್ಲಿ ಹಾಲೆಂಡ್ ಮೂಲದ ಜೀಸಸ್ ಮೇರಿ ಜೋಸೆಫ್ ಸಭೆಯ ಭಗಿನಿಯರು 1904ರಿಂದ ಸೇವೆ ಮಾಡುತ್ತಿದ್ದರು. ಅವರ ಬಳಿ ಒಂದು ಸಣ್ಣ ಔಷಧಾಲಯ ಇತ್ತು, ಆದರೆ ವೈದ್ಯರಿರಲಿಲ್ಲ. ಮೇರಿ ಆ ಸಭೆಯನ್ನೇ ಸೇರಿ ಸನ್ಯಾಸಿನಿಯಾದರು.

ಇಂದು ಸಿಸ್ಟರ್ ಡಾಕ್ಟರ್ ಎಂದರೆ ನಮಗೆ ಆಶ್ಚರ್ಯವಿಲ್ಲ. ಅಂದು ಹಾಗಿರಲಿಲ್ಲ. 1917ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಯಾಜಕರೂ ಧಾರ್ಮಿಕ ವ್ರತಧಾರಿಗಳೂ ರೋಮಿನ ವಿಶೇಷ ಅನುಮತಿಯಿಲ್ಲದೆ ವೈದ್ಯವೃತ್ತಿಯನ್ನಾಗಲಿ ಶಸ್ತ್ರಚಿಕಿತ್ಸೆಯನ್ನಾಗಲಿ ನಡೆಸುವಂತಿರಲಿಲ್ಲ. ಹೆರಿಗೆ ಮಾಡಿಸುವುದಂತೂ ಕನ್ಯಾವ್ರತದ ಭಗಿನಿಯರಿಗೆ ಸಲ್ಲದ್ದೆಂಬ ಭಾವನೆ ಗಟ್ಟಿಯಾಗಿತ್ತು. ಆಗ್ನೆಸ್ ಮೆಕ್ಲಾರೆನ್ ಅವರು ಈ ನಿರ್ಬಂಧವನ್ನು ಸಡಿಲಿಸುವಂತೆ ರೋಮಿಗೆ ಮತ್ತೆ ಮತ್ತೆ ಮನವಿ ಮಾಡಿಕೊಂಡಿದ್ದರು. ಅವರ ಜೀವಿತಕಾಲದಲ್ಲಿ ಅದು ಕೈಗೂಡಲಿಲ್ಲ. ಮೇರಿ ಗ್ಲೌರಿಯವರಿಗೆ ಜಗದ್ಗುರು ಪೋಪ್ 15ನೆಯ ಬೆನೆಡಿಕ್ಟರ ವಿಶೇಷ ಅನುಮತಿ ಮತ್ತು ಆಶೀರ್ವಾದ ದೊರೆಯಿತು. ಹೀಗೆ ಅವರು ಸನ್ಯಾಸಿನಿಯಾಗಿದ್ದುಕೊಂಡೇ ವೈದ್ಯವೃತ್ತಿ ನಡೆಸಿದ ಮೊದಲ ಮಿಶನರಿ ವೈದ್ಯೆಯೆಂದು ಗುರುತಿಸಲ್ಪಟ್ಟರು.

ಇತ್ತ ಆಗ್ನೆಸ್ ಅವರಿಂದಲೇ ಪ್ರೇರಣೆ ಪಡೆದ ಆಸ್ಟ್ರಿಯದ ಡಾಕ್ಟರ್ ಅನ್ನಾ ಡೆಂಗೆಲ್ ರಾವಲ್ಪಿಂಡಿಯಲ್ಲಿ ಸೇವೆ ಮಾಡಿ, 1925ರಲ್ಲಿ ವೈದ್ಯಕೀಯ ಮಿಶನ್ ಭಗಿನಿಯರ ಸಂಘವನ್ನು ಸ್ಥಾಪಿಸಿದರು. ಕೊನೆಗೆ 1936ರ ಫೆಬ್ರವರಿ 11ರಂದು, ಲೂರ್ದ್ ಮಾತೆಯ ಹಬ್ಬದ ದಿನ, ರೋಮ್ ಹೊರಡಿಸಿದ ಆದೇಶದಲ್ಲಿ ಭಗಿನಿಯರು ಹೆರಿಗೆ ಶಾಸ್ತ್ರವೂ ಸೇರಿದಂತೆ ವೈದ್ಯವೃತ್ತಿ ನಡೆಸಲು ಅನುಮತಿ ದೊರೆಯಿತು. ಒಂದು ನಿಯಮ ಬದಲಾಗಲು ಮೂವರು ಮಹಿಳೆಯರ ಬದುಕು ಸವೆಯಬೇಕಾಯಿತು. ನಿಯಮವನ್ನು ಅವರು ಧಿಕ್ಕರಿಸಲಿಲ್ಲ. ಆದರೆ ಸಾಯುತ್ತಿರುವ ತಾಯಿಯ ಪರವಾಗಿ ಕೇಳುವುದನ್ನು ಬಿಡಲೂ ಇಲ್ಲ.

ಗುಂಟೂರಿನ ದುಡಿಮೆ

ಗುಂಟೂರಿನಲ್ಲಿ ಸಿಸ್ಟರ್ ಮೇರಿ ಬಹುಕಾಲ ಒಬ್ಬರೇ ವೈದ್ಯೆ. ತೆಲುಗು ಕಲಿತರು. ಸಣ್ಣ ಔಷಧಾಲಯ ಕ್ರಮೇಣ ಸಂತ ಜೋಸೆಫ್ ಆಸ್ಪತ್ರೆಯಾಗಿ ಬೆಳೆಯಿತು. ರೋಗಿಗಳ ಸಂಖ್ಯೆ ಲಕ್ಷಗಳನ್ನು ದಾಟಿತು. ಒಬ್ಬರೇ ಎಲ್ಲರನ್ನೂ ನೋಡಲು ಸಾಧ್ಯವಿಲ್ಲವೆಂದು ಅರಿತ ಅವರು ಸ್ಥಳೀಯ ಹೆಣ್ಣುಮಕ್ಕಳಿಗೆ ಔಷಧ ತಯಾರಿ, ಶುಶ್ರೂಷೆ ಮತ್ತು ಸೂಲಗಿತ್ತಿಯ ಕೆಲಸದಲ್ಲಿ ತರಬೇತಿ ಕೊಟ್ಟರು. ದುಬಾರಿ ವಿದೇಶಿ ಔಷಧಿಗಳಿಗೆ ಕಾಯದೆ ಇಲ್ಲಿನ ಗಿಡಮೂಲಿಕೆಗಳನ್ನೂ ಅಭ್ಯಾಸ ಮಾಡಿ ಬಳಸಿದರು. ಚಿಕಿತ್ಸೆ, ಬೋಧನೆ, ಸಂಶೋಧನೆ ಎಂದು ನಾವು ಇಂದು ವೈದ್ಯಕೀಯ ಕಾಲೇಜಿನಲ್ಲಿ ಮೂರು ವಿಭಾಗ ಮಾಡುವ ಕೆಲಸಗಳು ಆ ಒಂದು ಸಣ್ಣ ಆಸ್ಪತ್ರೆಯಲ್ಲಿ ಒಬ್ಬ ಭಗಿನಿಯ ದಿನಚರಿಯಲ್ಲೇ ಸೇರಿಕೊಂಡಿದ್ದವು.

1943: ಹದಿನಾರು ಭಗಿನಿಯರು

ಎರಡನೆಯ ಮಹಾಯುದ್ಧದ ನಡುವೆ, ಬಂಗಾಳದಲ್ಲಿ ಬರಗಾಲ ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದ 1943ರಲ್ಲಿ, ದೇಶದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಲು ಸರ್ಕಾರ ಭೋರ್ ಸಮಿತಿಯನ್ನು ನೇಮಿಸಿತು. ಆ ಸಮಿತಿಯ 1946ರ ವರದಿಯ ಪ್ರಕಾರ ಆಗಿನ ಬ್ರಿಟಿಷ್ ಭಾರತದಲ್ಲಿ ಹುಟ್ಟಿದ ಪ್ರತಿ 1,000 ಶಿಶುಗಳಲ್ಲಿ 162 ಶಿಶುಗಳು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಸರಾಸರಿ ಆಯಸ್ಸು 27 ವರ್ಷ ಮಾತ್ರ.

ಅದೇ 1943ರ ಜುಲೈ 29ರಂದು ಸಿಸ್ಟರ್ ಮೇರಿಯವರ ನೇತೃತ್ವದಲ್ಲಿ 16 ಮಂದಿ ಭಗಿನಿಯರು ಸೇರಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಆರಂಭಿಸಿದರು. ದೇಶದ ಮೂಲೆಮೂಲೆಯಲ್ಲಿ ಕಾನ್ವೆಂಟುಗಳ ಔಷಧಾಲಯಗಳು ಒಂದಕ್ಕೊಂದು ಪರಿಚಯವೇ ಇಲ್ಲದಂತೆ ದುಡಿಯುತ್ತಿದ್ದವು. ಅವುಗಳನ್ನು ಒಂದು ಬಳಗವಾಗಿ ಕಟ್ಟುವುದು ಸಂಘದ ಗುರಿ. ಇಂದು ಭಾರತೀಯ ಕಥೋಲಿಕ ಆರೋಗ್ಯ ಸಂಘ ಎಂಬ ಹೆಸರಿನಲ್ಲಿ, ಸಿಕಂದರಾಬಾದಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಈ ಸಂಘಕ್ಕೆ 3,500ಕ್ಕೂ ಹೆಚ್ಚು ಸದಸ್ಯ ಸಂಸ್ಥೆಗಳಿವೆ.

ಸಂಘದ ಜೊತೆಗೆ ಸಿಸ್ಟರ್ ಮೇರಿಯವರು ಇನ್ನೊಂದು ಕನಸನ್ನೂ ಮುಂದಿಟ್ಟರು. ಪ್ರೊಟೆಸ್ಟೆಂಟ್ ಸಹೋದರರು ವೆಲ್ಲೂರಿನಲ್ಲಿ ಡಾಕ್ಟರ್ ಐಡಾ ಸ್ಕಡರ್ ಅವರ ಶ್ರಮದಿಂದ 1918ರಲ್ಲೇ ಮಹಿಳೆಯರಿಗೆ ವೈದ್ಯಕೀಯ ಶಾಲೆ ತೆರೆದಿದ್ದರು. ಕಥೋಲಿಕರಿಗೆ ದೇಶದಲ್ಲಿ ಅಂಥ ಒಂದು ವಿದ್ಯಾಲಯ ಇರಲಿಲ್ಲ. ಜೀವದ ಬಗ್ಗೆ ಗೌರವವುಳ್ಳ, ಬಡವರ ಊರಿಗೆ ಹೋಗಲು ಸಿದ್ಧರಾದ ವೈದ್ಯರನ್ನು, ಅದರಲ್ಲೂ ಸೇವಾಕೇಂದ್ರಗಳಿಗೆ ಬೇಕಾದ ವೈದ್ಯ ಭಗಿನಿಯರನ್ನು, ನಾವೇ ತಯಾರು ಮಾಡಬೇಕೆಂಬುದು ಅವರ ಆಶಯ.

ಈ ಆಶಯ ಕೈಗೂಡುವುದನ್ನು ನೋಡಲು ಅವರಿಗೆ ಆಯಸ್ಸು ಸಾಲಲಿಲ್ಲ. ಕ್ಯಾನ್ಸರ್ ಪೀಡಿತರಾದ ಸಿಸ್ಟರ್ ಮೇರಿ ತಮ್ಮ ಕೊನೆಯ ದಿನಗಳನ್ನು ಬೆಂಗಳೂರಿನಲ್ಲಿ ನೋವಿನಲ್ಲಿ ಕಳೆದು, 1957ರ ಮೇ 5ರಂದು, 69ರ ವಯಸ್ಸಿನಲ್ಲಿ ದೈವಾಧೀನರಾದರು. ಭಾರತಕ್ಕೆ ಬಂದು 37 ವರ್ಷಗಳಾಗಿದ್ದವು. ವಿದ್ಯಾಲಯದ ಒಂದು ಇಟ್ಟಿಗೆಯನ್ನೂ ಇಡಲಾಗಿರಲಿಲ್ಲ.

ಹೊಸೂರು ರಸ್ತೆಯಲ್ಲಿ ಮೊಳೆತ ಬೀಜ

ಅವರು ತೀರಿಕೊಂಡ ಆರು ವರ್ಷಗಳ ಬಳಿಕ, 1963ರಲ್ಲಿ, ಭಾರತದ ಕಥೋಲಿಕ ಬಿಷಪರ ಮಂಡಳಿಯು ಬೆಂಗಳೂರಿನಲ್ಲಿ ವೈದ್ಯಕೀಯ ಕಾಲೇಜು ಆರಂಭಿಸಿತು. ಅದೇ ವರ್ಷದ ಜೂನ್‌ನಲ್ಲಿ ನಿಧನರಾದ ಜಗದ್ಗುರು 23ನೆಯ ಜಾನ್ ಅವರ ಸ್ಮರಣೆಗಾಗಿ ಅದಕ್ಕೆ ಸಂತ ಜಾನ್ ಎಂಬ ಹೆಸರು ಬಂತು. ಮೊದಲ ವರ್ಷಗಳ ತರಗತಿಗಳು ಕುಕ್‌ಟೌನಿನ ತಾತ್ಕಾಲಿಕ ಕಟ್ಟಡದಲ್ಲಿ ನಡೆದವು. ಸ್ವಂತ ಆಸ್ಪತ್ರೆ ಇಲ್ಲದ ಕಾರಣ ವಿದ್ಯಾರ್ಥಿಗಳ ರೋಗಿ ಪರೀಕ್ಷೆಯ ಪಾಠಗಳು ಗುಡ್ ಶೆಪರ್ಡ್ ಭಗಿನಿಯರು 1886ರಲ್ಲಿ ಸ್ಥಾಪಿಸಿದ್ದ ಸಂತ ಮಾರ್ತಾ ಆಸ್ಪತ್ರೆಯಲ್ಲಿ ನಡೆದವು. ಕಾಲೇಜು ಮತ್ತು ಆಸ್ಪತ್ರೆಯ ಸಹಭಾಗಿತ್ವ ಎಂಬ ಮಾತು ಇಂದು ಸಾಮಾನ್ಯ. ಅಂದು ಭಗಿನಿಯರ ಆಸ್ಪತ್ರೆಯೊಂದು ಬಾಗಿಲು ತೆರೆಯದೇ ಇದ್ದಿದ್ದರೆ ಈ ಕಾಲೇಜಿನ ಮೊದಲ ವೈದ್ಯರಿಗೆ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಕಲಿಯುವ ಅವಕಾಶ ಸಿಗುವುದು ಕಷ್ಟವಿತ್ತು.

ಮುಂದೆ ಕಾಲೇಜು ಹೊಸೂರು ರಸ್ತೆಯ ವಿಶಾಲ ಜಾಗಕ್ಕೆ ಬಂತು. ಅದು ಆಗ ನಗರದ ಅಂಚು. ಸ್ವಂತ ಆಸ್ಪತ್ರೆ 1975ರಲ್ಲಿ ಆರಂಭವಾಯಿತು. ಇಂದು ಅಲ್ಲಿ 1,200ಕ್ಕೂ ಹೆಚ್ಚು ಹಾಸಿಗೆಗಳಿವೆ. 1970ರ ದಶಕದ ಕೊನೆಯಲ್ಲಿ ಅದೇ ರಸ್ತೆಯಲ್ಲಿ ಮುಂದೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಸುಮಾರು 330 ಎಕರೆ ಜಮೀನಿನಲ್ಲಿ ಎಲೆಕ್ಟ್ರಾನಿಕ್ ಸಿಟಿ ರೂಪುಗೊಂಡಿತು. ಬೊಮ್ಮನಹಳ್ಳಿಯ ಗಾರ್ಮೆಂಟ್ ಕಾರ್ಖಾನೆಗಳು, ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕೈಗಾರಿಕೆಗಳು ಬೆಳೆದವು. ಹೀಗೆ ಹಳ್ಳಿಗಳ ನಡುವೆ ಕಟ್ಟಿದ ಆಸ್ಪತ್ರೆ ಸಾಫ್ಟ್‌ವೇರ್ ನೌಕರರಿಗೂ, ಹೊಲಿಗೆ ಯಂತ್ರದ ಮುಂದೆ ದಿನವಿಡೀ ಕೂರುವ ಹೆಣ್ಣುಮಕ್ಕಳಿಗೂ, ಕಟ್ಟಡ ಕಟ್ಟಲು ದೂರದ ರಾಜ್ಯಗಳಿಂದ ಬಂದ ಕೂಲಿಕಾರರಿಗೂ ಆಸರೆಯಾಯಿತು.

ಕಾಲೇಜು ಊರಿನ ಹೊರಗೂ ಹೋಯಿತು. 1973ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಮಳ್ಳೂರಿನಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘದ ಜೊತೆ ಸೇರಿ ಆರೋಗ್ಯ ಕೇಂದ್ರವೊಂದನ್ನು ಆರಂಭಿಸಿತು. ರೈತರು ಹಾಕುವ ಹಾಲಿನ ಲೆಕ್ಕದಲ್ಲಿ ಲೀಟರಿಗೆ ಕೆಲವು ಪೈಸೆ ಆರೋಗ್ಯಕ್ಕೆ ಮೀಸಲು. ದಾನಕ್ಕೆ ಕೈಯೊಡ್ಡದೆ ಹಳ್ಳಿಯವರು ತಮ್ಮ ಆರೋಗ್ಯದ ಖರ್ಚನ್ನು ತಾವೇ ಹೊರುವ ಈ ಪ್ರಯೋಗ ದೇಶದ ಗಮನ ಸೆಳೆಯಿತು. ಆನೇಕಲ್ ತಾಲ್ಲೂಕಿನಲ್ಲಿ ಸರ್ಜಾಪುರದ ಕಡೆಯ ಮುಗಳೂರಿನಲ್ಲಿ ಕಾಲೇಜಿನ ಗ್ರಾಮೀಣ ತರಬೇತಿ ಕೇಂದ್ರವಿದೆ. ವೈದ್ಯಕೀಯ ವಿದ್ಯಾರ್ಥಿಗಳು ಹಳ್ಳಿಯಲ್ಲಿ ತಂಗಿ ಅಲ್ಲಿನ ಬದುಕನ್ನು ಕಣ್ಣಾರೆ ನೋಡುವುದು ಅವರ ಕಲಿಕೆಯ ಭಾಗ.

ಸಂಶೋಧನೆ ಯಾರಿಗಾಗಿ?

ಸಂಶೋಧನೆ ಎಂದರೆ ಬಡವರಿಗೆ ಸಂಬಂಧವಿಲ್ಲದ ವಿಷಯ ಎಂದು ಕೆಲವರು ತಿಳಿಯುತ್ತಾರೆ. ಈ ಆವರಣದ ಎರಡು ಅಧ್ಯಯನಗಳನ್ನು ನೋಡಿದರೆ ಅದು ತಪ್ಪೆಂದು ಗೊತ್ತಾಗುತ್ತದೆ.

ಮೊದಲನೆಯದು ನಮ್ಮ ತಟ್ಟೆಯ ಊಟದ ಕುರಿತು. ಅನ್ನ, ಗೋಧಿಯಂಥ ಧಾನ್ಯಗಳ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆ, ಹಾಲು, ಮೀನುಗಳಲ್ಲಿ ಅದು ಸಾಕಷ್ಟಿದೆ. ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 12 ಮಿಲಿಗ್ರಾಂ ಲೈಸಿನ್ ಸಾಕೆಂದು 1985ರ ಅಂತರರಾಷ್ಟ್ರೀಯ ವರದಿ ಹೇಳಿತ್ತು. ಡಾಕ್ಟರ್ ಅನುರಾ ಕುರ್ಪಾಡ್ ಮತ್ತು ಅವರ ತಂಡ, ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರೊಫೆಸರ್ ವರ್ನನ್ ಯಂಗ್ ಅವರ ಸಹಯೋಗದಲ್ಲಿ, ಭಾರತೀಯರ ಮೇಲೆಯೇ ಬೆಂಗಳೂರಿನಲ್ಲಿ ಸೂಕ್ಷ್ಮ ಪರೀಕ್ಷೆಗಳನ್ನು ನಡೆಸಿತು. ಗುರುತು ಹಾಕಿದ ಇಂಗಾಲದ ಅಣುಗಳನ್ನು ಕೊಟ್ಟು, ಉಸಿರಿನಲ್ಲಿ ಎಷ್ಟು ಹೊರಬರುತ್ತದೆಂದು ಅಳೆದು, ದೇಹದ ನಿಜವಾದ ಅಗತ್ಯವನ್ನು ಕಂಡುಕೊಳ್ಳುವ ವಿಧಾನ ಅದು. ಇಂಥ ಅಧ್ಯಯನಗಳ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿ ಪ್ರಕಟಿಸಿದ 2007ರ ವರದಿಯಲ್ಲಿ ಆ ಪ್ರಮಾಣ 30 ಮಿಲಿಗ್ರಾಮಿಗೆ ಏರಿತು. ಅಂದರೆ ಬರೀ ಅನ್ನದಿಂದ ಹೊಟ್ಟೆ ತುಂಬಿಸಿಕೊಳ್ಳುವ ಬಡವನಿಗೆ ನಾವು ಅಂದುಕೊಂಡಿದ್ದಕ್ಕಿಂತ ಹೆಚ್ಚಿನ ಕೊರತೆ ಇದೆ ಎಂಬುದು ಸ್ಪಷ್ಟವಾಯಿತು.

ಎರಡನೆಯದು ಹೃದಯಾಘಾತದ ಕುರಿತು. ಸಂತ ಜಾನ್ ಸಂಸ್ಥೆಯ ವೈದ್ಯರು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದೊಂದಿಗೆ ಸೇರಿ, ದೇಶದ 89 ಆಸ್ಪತ್ರೆಗಳ 20,937 ರೋಗಿಗಳ ವಿವರ ಸಂಗ್ರಹಿಸಿ 2008ರಲ್ಲಿ ಪ್ರಕಟಿಸಿದರು. ನೋವು ಶುರುವಾದ ಮೇಲೆ ಅರ್ಧದಷ್ಟು ರೋಗಿಗಳು ಆಸ್ಪತ್ರೆ ತಲುಪುವಾಗ ಆರು ಗಂಟೆ ಕಳೆದಿತ್ತು. ಬಡ ರೋಗಿಗಳಿಗೆ ಅಗತ್ಯವಾದ ಚಿಕಿತ್ಸೆಗಳು ಶ್ರೀಮಂತರಿಗಿಂತ ಕಡಿಮೆ ದೊರೆತಿದ್ದವು. 30 ದಿನಗಳೊಳಗೆ ಮೃತಪಟ್ಟವರು ಬಡವರಲ್ಲಿ ನೂರಕ್ಕೆ 8.2, ಶ್ರೀಮಂತರಲ್ಲಿ 5.5. ಕಾಯಿಲೆ ಒಂದೇ ಆದರೂ ಬಡವನ ಜೀವಕ್ಕೆ ಅಪಾಯ ಹೆಚ್ಚು. ಸಿಸ್ಟರ್ ಮೇರಿ ಗುಂಟೂರಿನಲ್ಲಿ ಕಣ್ಣಾರೆ ಕಂಡಿದ್ದ ಸತ್ಯವನ್ನು ಈ ಅಧ್ಯಯನ ಅಂಕಿಸಂಖ್ಯೆಗಳಲ್ಲಿ ತೋರಿಸಿಕೊಟ್ಟಿತು. ಇಂಥ ಕೆಲಸಗಳಿಗಾಗಿಯೇ 2004ರಲ್ಲಿ ಅದೇ ಆವರಣದಲ್ಲಿ ಪ್ರತ್ಯೇಕ ಸಂಶೋಧನಾ ಸಂಸ್ಥೆ ಆರಂಭವಾಗಿದೆ.

ನಮ್ಮ ಮುಂದಿರುವ ಪ್ರಶ್ನೆ

ಮೇರಿ ಗ್ಲೌರಿಯವರನ್ನು ಧರ್ಮಸಭೆಯು 2013ರಲ್ಲಿ ದೇವರ ಸೇವಕಿಯೆಂದು ಘೋಷಿಸಿತು. 2025ರ ನವೆಂಬರ್‌ನಲ್ಲಿ ಜಗದ್ಗುರು 14ನೆಯ ಲಿಯೊ ಅವರು ಸಿಸ್ಟರ್ ಮೇರಿಯವರ ಸದ್ಗುಣಗಳನ್ನು ವೀರೋಚಿತವೆಂದು ಮಾನ್ಯ ಮಾಡಿ, ವಂದನೀಯರ ಸಾಲಿಗೆ ಸೇರಿಸಿದರು. ಧನ್ಯತೆ ಮತ್ತು ಸಂತ ಪದವಿಯ ಹಂತಗಳು ಇನ್ನು ಮುಂದಿವೆ.

ಆದರೆ ಅವರ ಕನಸಿನ ಪರೀಕ್ಷೆ ರೋಮಿನಲ್ಲಿ ಮಾತ್ರ ನಡೆಯುವುದಲ್ಲ. ಹೊಸೂರು ರಸ್ತೆಯ ಆ ಆವರಣದಿಂದ ಪದವಿ ಪಡೆದು ಹೊರಬರುವವರು ವೈದ್ಯರಿಲ್ಲದ ಊರುಗಳಲ್ಲಿ ಕೆಲಕಾಲ ಸೇವೆ ಮಾಡಬೇಕೆಂಬ ಕಟ್ಟುಪಾಡು ಬಹುಕಾಲದಿಂದ ಇದೆ. ಕೆಲವರು ಅಂಥ ಊರುಗಳಲ್ಲೇ ಉಳಿದು ಬಾಳು ಸವೆಸಿದ್ದಾರೆ. ಇನ್ನು ಕೆಲವರು ಅವಧಿ ಮುಗಿಸಿ ದೊಡ್ಡ ನಗರಕ್ಕೋ ಹೊರದೇಶಕ್ಕೋ ಹೋಗುತ್ತಾರೆ. ಅವರನ್ನು ದೂರುವ ಮೊದಲು ನಾವೇ ಕೇಳಿಕೊಳ್ಳಬೇಕು: ನಮ್ಮ ಮನೆಯ ಮಗನೋ ಮಗಳೋ ವೈದ್ಯಕೀಯ ಸೀಟು ಪಡೆದಾಗ ನಾವು ಅವರಿಗೆ ಹೇಳುವ ಮೊದಲ ಮಾತು ಯಾವುದು? ಸಂಪಾದನೆಯ ಲೆಕ್ಕವೋ, ಸೇವೆಯ ದಾರಿಯೋ? ಭಗಿನಿಯರ ಸಣ್ಣ ಆಸ್ಪತ್ರೆಗಳು ವೈದ್ಯರು ಸಿಗದೆ, ಖರ್ಚು ತೂಗಿಸಲಾಗದೆ ಒದ್ದಾಡುವಾಗ ನಮ್ಮ ಧರ್ಮಕೇಂದ್ರಗಳು ಏನು ಮಾಡುತ್ತಿವೆ?

ಕಾಲಿನ್ಸ್ ಸ್ಟ್ರೀಟಿನ ಚಿಕಿತ್ಸಾಲಯದಲ್ಲಿ ಸುಖವಾಗಿ ಇರಬಹುದಾಗಿದ್ದ ವೈದ್ಯೆಯೊಬ್ಬರು ಒಂದು ಕಿರುಪುಸ್ತಕ ಓದಿ ಎದ್ದು ಬಂದರು. ತಾವು ಎಂದೂ ಕಾಣದ ವಿದ್ಯಾಲಯಕ್ಕೆ ಬೀಜ ಬಿತ್ತಿ ನಮ್ಮ ನಾಡಿನಲ್ಲೇ ಕಣ್ಣು ಮುಚ್ಚಿದರು. ಮೇ 5 ಅವರ ಪುಣ್ಯಸ್ಮರಣೆಯ ದಿನ. ಅಂದಿನ ಸಂಜೆಯ ಜಪಮಾಲೆಯಲ್ಲಿ, ವಾಚೆಮ್ ಊರಿನ ಆ ಮನೆಯವರಂತೆ, ಯಾಜಕರ ಜೊತೆಗೆ ವೈದ್ಯರನ್ನೂ ದಾದಿಯರನ್ನೂ ನೆನೆಯೋಣ. ನಮ್ಮ ಮಕ್ಕಳಲ್ಲಿ ಒಬ್ಬರಾದರೂ ವೈದ್ಯರಿಲ್ಲದ ಊರಿಗೆ ಹೋಗುವ ಮನಸ್ಸು ಮಾಡಲಿ ಎಂದು ಪ್ರಾರ್ಥಿಸೋಣ.